ಬಾಯಿಮದ್ದಿನ ತಿಮ್ಮಮ್ಮ

ಬಾಳೂರಿನ ಸುತ್ತಮುತ್ತ ಯಾರಿಗಾದರೂ ಬಾಯಿಹುಣ್ಣಾದರೆ, ಎಳೆ ಮಗುವಿನ ನಾಲಿಗೆ ಮೇಲೆ ಬಿಳಿ ಬೂಷ್ಟು ಕಟ್ಟಿದರೆ, ಹಲ್ಲಿನ ಸೆಟ್ ಹಾಕಿಸಿಕೊಂಡ ಮುದುಕರಿಗೆ ಅಂಗುಳ ಉರಿದರೆ, ಮೊದಲು ನೆನಪಾಗುವ ಹೆಸರು ತಿಮ್ಮಮ್ಮನದು. ಮಂಗಳವಾರ ಮತ್ತು ಭಾನುವಾರ ಬೆಳಿಗ್ಗೆ ಅವಳ ಮನೆಯ ಜಗಲಿಯಲ್ಲಿ ನಾಲ್ಕೈದು ಜನ ಖಾಲಿ ಬಾಟಲಿ ಹಿಡಿದು ಕೂತಿರುತ್ತಾರೆ. ಆಲ್ದೂರಿನಿಂದ ಬಸ್ಸಿಗೆ ಬಂದವರು, ಎಸ್ಟೇಟಿನ ಕೂಲಿ ಲೈನಿನಿಂದ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದವರು, ಯಾರಾದರೂ ಸರಿ, ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟರೆ ಸಾಕು. ತಿಮ್ಮಮ್ಮ ಸೊಪ್ಪು ಕುದಿಸಿ ಆರಿಸಿದ ನೀರನ್ನು ಬಾಟಲಿಗೆ ಹೊಯ್ದು ಕೊಡುತ್ತಾಳೆ. ಎಂಟು ದಿನದಲ್ಲಿ ಬಾಯಿ ತಣ್ಣಗಾಗುತ್ತದೆ ಎಂದು ಜನ ಹೇಳುತ್ತಾರೆ.

ಯಾವ ಸೊಪ್ಪು ಎಂದು ಮಾತ್ರ ಕೇಳಬಾರದು. ಕೇಳಿದರೂ ಅವಳು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಈ ಮದ್ದು ಅವಳಿಗೆ ಬಂದದ್ದು ಅವಳ ಅತ್ತೆಯಿಂದ, ಮದ್ದಿನ ಜೊತೆಗೆ ಮೀರಬಾರದ ಮೂರು ಕಟ್ಟುಗಳೂ ಬಂದವು. ಸೊಪ್ಪಿನ ಹೆಸರನ್ನು ಜೀವಮಾನದಲ್ಲಿ ಒಬ್ಬರಿಗೆ ಮಾತ್ರ ಹೇಳಬಹುದು. ಹೇಳಿದ ಗಳಿಗೆಯಿಂದ ಮದ್ದು ಆ ಒಬ್ಬರದು, ಹೇಳಿದವಳು ಮತ್ತೆ ಯಾರಿಗೂ ಕೊಡುವ ಹಾಗಿಲ್ಲ. ಕೊನೆಯದು, ಕೊಡುವವಳು ತನ್ನ ಮದ್ದನ್ನು ತಾನೇ ತೆಗೆದುಕೊಳ್ಳಬಾರದು, ಹೆಸರು ಬಲ್ಲ ಇನ್ನೊಬ್ಬರ ಕೈಯಿಂದಲೇ ಅದು ಬರಬೇಕು. ಮೂವತ್ತೊಂದು ವರ್ಷದಿಂದ ತಿಮ್ಮಮ್ಮ ಈ ಮೂರನ್ನೂ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದಳು.

ಪಾಲಿಸುವುದಕ್ಕೆ ಸುಳ್ಳನ್ನೂ ಹೇಳಿದ್ದಳು. ಆ ಸೊಪ್ಪು ಬೆಳೆಯುವುದು ತೋಟದ ಕೆಳಗಿನ ಬೇಲಿ ಮೂಲೆಯಲ್ಲಿ. ಆರು ವರ್ಷದ ಹಿಂದೆ ಮಗ ರಾಜೀವ ಕಳೆ ಹೊಡೆಯುವ ಮೆಷಿನ್ ತಂದು ಕಾಫಿ ಗಿಡದ ಬುಡವನ್ನೆಲ್ಲ ನುಣ್ಣಗೆ ಬೋಳಿಸುತ್ತ ಆ ಮೂಲೆಗೂ ಬಂದಾಗ ತಿಮ್ಮಮ್ಮನಿಗೆ ಜೀವವೇ ಹೋದಂತಾಯಿತು. ಕಾರಣ ಹೇಳುವಂತಿಲ್ಲ. "ಅಲ್ಲಿ ನಾಗರ ಇದೆ, ಕಣ್ಣಾರೆ ಕಂಡಿದ್ದೀನಿ, ಆ ಜಾಗ ಮುಟ್ಬೇಡ" ಎಂದುಬಿಟ್ಟಳು. ರಾಜೀವ ಮೆಷಿನ್ ಆರಿಸಿದ. ಸೊಸೆ ದೀಪಶ್ರೀ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಲ್ಲೊಂದು ಕಲ್ಲು ನೆಟ್ಟು, ಪ್ರತಿ ನಾಗರಪಂಚಮಿಗೆ ಹಾಲೆರೆದು, ಹೂ ಇಟ್ಟು ಬರತೊಡಗಿದಳು. ತಿಮ್ಮಮ್ಮ ಅದನ್ನು ನೋಡಿಯೂ ನೋಡದವಳಂತೆ ಇದ್ದಳು.

ಇದು ಸಣ್ಣ ಸುಳ್ಳು. ದೊಡ್ಡದು ಅವಳ ಬಾಯಲ್ಲೇ ಇತ್ತು.

"ನಮ್ಮ ತಿಮ್ಮಕ್ಕನ ಹಲ್ಲು ನೋಡಿ ಮಾರಾಯ್ರೆ, ಅರವತ್ತೆಂಟಾದ್ರೂ ಒಂದೂ ಅಲ್ಲಾಡಿಲ್ಲ. ಎಲ್ಲ ಆ ಸೊಪ್ಪಿನ ಗುಣ" ಎಂದು ಜಗಲಿಯಲ್ಲಿ ಕೂತವರು ಹೊಸಬರಿಗೆ ತೋರಿಸುತ್ತಿದ್ದರು. ಮೂರನೆಯ ಕಟ್ಟು ಊರಿಗೆ ಗೊತ್ತಿರಲಿಲ್ಲ, ಹಲ್ಲಿನ ವಿಷಯವಂತೂ ಗೊತ್ತೇ ಇರಲಿಲ್ಲ. ಅದೂ ಆರು ವರ್ಷದ ಮಾತೇ. ದವಡೆ ಹಲ್ಲೆಲ್ಲ ಉದುರಿ, ಮುಂದಿನವು ಬೀಳುವ ಹಾಗಾದಾಗ ತಿಮ್ಮಮ್ಮ ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ನೆಪದಲ್ಲಿ ಹಾಸನದ ಅಕ್ಕನ ಮನೆಗೆ ಹೋಗಿ ಮೂರು ತಿಂಗಳು ಕೂತಳು. ಬರುವಾಗ ಮಂಡಿನೋವು ಹಾಗೇ ಇತ್ತು, ಬಾಯಲ್ಲಿ ಮಾತ್ರ ಮೇಲೊಂದು ಕೆಳಗೊಂದು ಸೆಟ್ ಇತ್ತು. ಬಾಯಿಗೆ ಮದ್ದು ಕೊಡುವವಳ ಬಾಯೇ ಬೊಚ್ಚಾದರೆ ಅವಳ ಕೈಯಿಂದ ಯಾರು ತೆಗೆದುಕೊಳ್ಳುತ್ತಾರೆ? ಗಂಡ ಕೃಷ್ಣಪ್ಪ ಆಗಲೇ ತೀರಿಕೊಂಡಿದ್ದ. ವಿಷಯ ಗೊತ್ತಿದ್ದ ಅಕ್ಕನೂ ಹೋದ ವರ್ಷ ತೀರಿಕೊಂಡಳು. ಇನ್ನು ಈ ಭೂಮಿಯ ಮೇಲೆ ಅದು ಗೊತ್ತಿರುವುದು ತನಗೊಬ್ಬಳಿಗೇ ಎಂದು ಅಕ್ಕನ ಹನ್ನೊಂದನೇ ದಿನ ತಿಮ್ಮಮ್ಮನಿಗೆ ಹೊಳೆದು, ಅಳು ಇನ್ನೂ ಜಾಸ್ತಿಯಾಯಿತು.

ಒಬ್ಬಳೇ ಮಲಗುತ್ತಿದ್ದಷ್ಟು ದಿನ ತೊಂದರೆ ಇರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಸೆಟ್ ತೆಗೆದು ಬಟ್ಟಲಲ್ಲಿ ನೀರು ಹಾಕಿಡುತ್ತಿದ್ದಳು. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದಳು ನೋಡಿ, ಅಲ್ಲಿಂದ ಶುರುವಾಯಿತು ಗ್ರಹಚಾರ. "ಅತ್ತೆ ಒಬ್ರೇ ಮಲಗೋದು ಬೇಡ" ಎಂದು ದೀಪಶ್ರೀ ತನ್ನ ಹಾಸಿಗೆಯನ್ನು ಅವಳ ಕೋಣೆಗೇ ತಂದು ಹಾಕಿದಳು. ರಾಜೀವ ಬಚ್ಚಲ ಬಾಗಿಲಿನ ಚಿಲಕ ಕಿತ್ತು ಹಾಕಿದ. "ಮತ್ತೆ ಬಿದ್ರೆ ಬಾಗ್ಲು ಒಡೀತಾ ಕೂರಕ್ಕಾಗ್ತದಾ?" ಎಂದ. ಇಬ್ಬರದೂ ಪ್ರೀತಿಯೇ. ಆದರೆ ಆ ಪ್ರೀತಿ ತನ್ನನ್ನು ನಾಲ್ಕೂ ಕಡೆಯಿಂದ ಮುಚ್ಚಿಹಾಕಿತು ಎಂದು ತಿಮ್ಮಮ್ಮ ಯಾರ ಹತ್ತಿರ ಹೇಳಿಕೊಳ್ಳಬೇಕು? ಬಚ್ಚಲಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಸೆಟ್ ತೆಗೆದು, ನೀರಲ್ಲಿ ಅದ್ದಿ, ದೀಪಶ್ರೀ "ಅತ್ತೆ, ಆಯ್ತಾ?" ಎನ್ನುವುದರೊಳಗೆ ಮತ್ತೆ ಬಾಯಿಗೆ ತುರುಕಿಕೊಳ್ಳುವುದೇ ಅಭ್ಯಾಸವಾಯಿತು. ಹಗಲೂ ಅದೇ, ಮಲಗುವಾಗಲೂ ಅದೇ. ಹೀಗೆ ಐದಾರು ತಿಂಗಳು ಕಳೆಯಿತು.

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಬಾಯಿ ಉರಿಯತೊಡಗಿತು. ಮೊದಲು ಮಾವಿನಮಿಡಿ ಉಪ್ಪಿನಕಾಯಿ ಬಿಟ್ಟಳು. ಆಮೇಲೆ ಸಾರು, ಆಮೇಲೆ ಬಿಸಿ ಕಾಫಿ. ಕಾಫಿ ಬೆಳೆಯುವ ಮನೆಯವಳು, ಬೆಳಿಗ್ಗೆ ಲೋಟ ಮುಂದಿಟ್ಟುಕೊಂಡು ಅದು ಆರುವುದನ್ನೇ ಕಾಯುತ್ತ ಕೂರುತ್ತಿದ್ದಳು. ಕಟವಾಯಿ ಎರಡೂ ಒಡೆದು ಕೆಂಪಗಾದವು. ಒಮ್ಮೆ ಬಚ್ಚಲಲ್ಲಿ ಮೇಲಿನ ಸೆಟ್ ತೆಗೆದು, ಮುಖ ನೋಡುವ ಸಣ್ಣ ಕನ್ನಡಿ ಹಿಡಿದು ನೋಡಿದಳು. ಸೆಟ್ಟಿನ ಪ್ಲೇಟು ಎಲ್ಲಿಯವರೆಗೆ ಕೂರುತ್ತದೋ ಅಲ್ಲಿಯವರೆಗೆ ಅಂಗುಳ ಕೆಂಡದಂತೆ ಕೆಂಪಾಗಿ, ಅಲ್ಲಲ್ಲಿ ಬಿಳಿ ಪೊರೆ ಕಟ್ಟಿತ್ತು. ಈ ಮೂವತ್ತೊಂದು ವರ್ಷದಲ್ಲಿ ಇಂಥದನ್ನು ಕಡಿಮೆಯೆಂದರೂ ನೂರು ಬಾಯಲ್ಲಿ ಅವಳು ನೋಡಿದ್ದಳು. ಮದ್ದು ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ, ಅದು ಅಡುಗೆಮನೆಯ ಮೂಲೆಯ ಪಾತ್ರೆಯಲ್ಲೇ ತುಂಬಿಕೊಂಡಿತ್ತು.

ತೆಗೆದುಕೊಳ್ಳುವ ಹಾಗಿಲ್ಲ. ಅತ್ತೆ ಸಾಯುವ ಮುಂಚೆ ಕೈಹಿಡಿದು ಹೇಳಿದ್ದು ಕಿವಿಯಲ್ಲೇ ಇತ್ತು. ಇನ್ನೊಬ್ಬರ ಕೈಯಿಂದ ಬರಬೇಕೆಂದರೆ ಹೆಸರು ಹೇಳಬೇಕು, ಹೇಳಿದರೆ ಮದ್ದು ಅವರದಾಯಿತು. ಮಂಗಳವಾರ, ಭಾನುವಾರ ಜಗಲಿಯಲ್ಲಿ ಕೂತವರು "ತಿಮ್ಮಕ್ಕಾ" ಎಂದು ಕರೆಯುವುದೂ ನಿಂತ ಹಾಗೆ. ಅದಿಲ್ಲದಿದ್ದರೆ ತಾನು ಯಾರು? ಬಚ್ಚಲಿಗೆ ಹೋದರೂ ಸೊಸೆ ಹಿಂದೆ ಬರಬೇಕಾದ ಒಬ್ಬ ಮುದುಕಿ. ದೀಪಶ್ರೀ ಮದುವೆಯಾಗಿ ಬಂದ ಹೊಸತರಲ್ಲಿ "ನಂಗೂ ಹೇಳ್ಕೊಡಿ ಅತ್ತೆ, ನಿಮಗೆ ಸಹಾಯ ಮಾಡ್ತೀನಿ" ಎಂದಿದ್ದಳು. ತಿಮ್ಮಮ್ಮ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದಳು. ಪಾಪ, ಹುಡುಗಿ ಮತ್ತೆಂದೂ ಆ ಸುದ್ದಿ ಎತ್ತಲಿಲ್ಲ.

ಆಗ ತಿಮ್ಮಮ್ಮನಿಗೆ ಒಂದು ಉಪಾಯ ಹೊಳೆಯಿತು. ಕಾಫಿ ಕೊಯ್ಯಲು ಬರುತ್ತಿದ್ದ ಗಿಡ್ಡಮ್ಮನನ್ನು ಹಿತ್ತಲಿಗೆ ಕರೆದು, ತುಂಬಿದ ಬಟ್ಟಲನ್ನು ಅವಳ ಕೈಗಿಟ್ಟು, "ಇದನ್ನ ಒಂಚೂರು ಹಿಡ್ಕೋ. ಈಗ ನಂಗೆ ವಾಪಸ್ ಕೊಡು" ಎಂದಳು.

ಗಿಡ್ಡಮ್ಮ ಬಟ್ಟಲನ್ನೂ ನೋಡಿದಳು, ಅಮ್ಮನವರನ್ನೂ ನೋಡಿದಳು. "ನಿಮ್ದೇ ಬಟ್ಲು, ನಿಮಗೇ ಯಾಕ್ ಕೊಡ್ಬೇಕು ಅಮ್ಮಾರೆ?"

"ಕೊಡು ಅಂದ್ರೆ ಕೊಡು ಮಾರಾಯ್ತಿ."

ಗಿಡ್ಡಮ್ಮ ಕೊಟ್ಟಳು. ಹೆಸರು ಬಲ್ಲವರ ಕೈಯಲ್ಲ ನಿಜ, ಆದರೂ ಇನ್ನೊಬ್ಬರ ಕೈ ತಾನೇ ಎಂದು ತಿಮ್ಮಮ್ಮ ಮನಸ್ಸಿಗೆ ಸಮಾಧಾನ ಹೇಳಿಕೊಂಡು, ದಿನಾ ಮೂರು ಹೊತ್ತು ಹಿತ್ತಲಲ್ಲಿ ನಿಂತು ಆ ನೀರನ್ನು ಮುಕ್ಕಳಿಸಿ ಉಗುಳಿದಳು. ಹಿತ್ತಲೆಂದ ಮೇಲೆ ಜನ ಓಡಾಡುವ ಜಾಗ, ಸೆಟ್ ತೆಗೆಯುವ ಹಾಗಿರಲಿಲ್ಲ. ಹತ್ತು ದಿನವಾಯಿತು. ಉರಿ ಒಂದು ಗುಂಜಿಯಷ್ಟೂ ಇಳಿಯಲಿಲ್ಲ.

ಕಟ್ಟು ಮುರಿಯಲು ಹೋದದ್ದಕ್ಕೆ ಕೈಗುಣ ಹೋಯಿತೆಂದು ಅವಳಿಗೆ ಖಾತ್ರಿಯಾಯಿತು. ಮಂಗಳವಾರ ಬಂದವರ ಬಾಟಲಿಗೆ ನೀರು ಹೊಯ್ಯುವಾಗ ಯಾರ ಮುಖವನ್ನೂ ನೋಡಲಿಲ್ಲ. ಕೊಡುತ್ತಿರುವುದು ಬರೀ ಸೊಪ್ಪು ಕುದಿಸಿದ ನೀರೋ ಏನೋ ಎಂದು ಒಳಗೊಳಗೇ ಅಳುಕಿದಳು. ಕೊಡುವುದನ್ನು ನಿಲ್ಲಿಸಿದರೆ ಯಾಕೆಂದು ಕೇಳುತ್ತಾರೆ, ಕೊಟ್ಟರೆ ಮೋಸ ಮಾಡಿದಂತೆ. ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು ಅವಳ ಪಾಡು.

ಊಟ ಗಂಜಿಗೆ ಇಳಿದದ್ದನ್ನು ಮಗ ಗಮನಿಸಿದ. ಒಡೆದ ಕಟವಾಯಿ, ಸೊರಗಿದ ಮುಖ, ಬಾಯಿ ತೆರೆಯದೆ ಆಡುವ ಮಾತು, ಎಲ್ಲ ನೋಡಿ ಅವನಿಗೆ ಬೇರೆಯೇ ಭಯ ಹತ್ತಿತು. ಅವನ ಮಾವನಿಗೆ ಬಾಯಿ ಕ್ಯಾನ್ಸರ್ ಶುರುವಾದದ್ದೂ ಹೀಗೆಯೇ. ಶುಕ್ರವಾರ ಅವನು ಮೂಡಿಗೆರೆಯ ಹಲ್ಲಿನ ಡಾಕ್ಟರ್ ಅರ್ಚನಾ ಅವರಿಗೆ ಫೋನ್ ಮಾಡಿ ಸೋಮವಾರಕ್ಕೆ ಹೇಳಿಟ್ಟ.

"ನಾನು ಬರಲ್ಲ" ಎಂದಳು ತಿಮ್ಮಮ್ಮ.

"ಬರ್ದಿದ್ರೆ ಎತ್ಕೊಂಡು ಹೋಗಿ ಜೀಪಿಗೆ ಹಾಕ್ತೀನಿ. ಸುಮ್ನಿರಿ ಅಮ್ಮ." ಮಗನ ಕಣ್ಣಲ್ಲಿ ನೀರು ನಿಂತದ್ದನ್ನು ಅವಳು ನೋಡಿದಳು. ಒಂದು ಮಾತು ಹೇಳಿದ್ದರೆ ಅವನ ಭಯ ಹೋಗುತ್ತಿತ್ತು, ಆ ಮಾತೇ ಹೊರಗೆ ಬರಲಿಲ್ಲ. ಸೋಮವಾರ ಡಾಕ್ಟರು ಬಾಯಿ ತೆರೆಯಿರಿ ಎನ್ನುತ್ತಾರೆ, ಪಕ್ಕದಲ್ಲಿ ಮಗ ನಿಂತಿರುತ್ತಾನೆ, ಸಂಜೆಯೊಳಗೆ ಬಾಳೂರಿಗೆಲ್ಲ ಗೊತ್ತಾಗುತ್ತದೆ. ಶನಿವಾರವಿಡೀ ಅವಳು ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ಸುಮ್ಮಸುಮ್ಮನೆ ಕೆದರುತ್ತ ಇದನ್ನೇ ಯೋಚಿಸಿದಳು.

ಭಾನುವಾರ ಜಗಲಿಯಲ್ಲಿ ಆರು ಜನ ಇದ್ದರು. ಎಲ್ಲರಿಗಿಂತ ಮುಂದೆ ಕೂತವನು ಆಲ್ದೂರಿನ ಮಂಜಯ್ಯ, ಬಸ್ ಕಂಡಕ್ಟರಾಗಿ ರಿಟೈರಾದವನು, ದನಿ ಇನ್ನೂ ಬಸ್ಸಿನ ಹಿಂದಿನ ಸೀಟಿಗೂ ಕೇಳುವಂಥದು. ಹೊಸ ಸೆಟ್ ಹಾಕಿಸಿಕೊಂಡು ಅಂಗುಳ ಉರಿ ಎಂದು ಎರಡು ವಾರದ ಹಿಂದೆ ಮದ್ದು ಒಯ್ದಿದ್ದ.

"ತಿಮ್ಮಕ್ಕಾ, ನಿಮ್ಮ ಮದ್ದು ಈ ಸಲ ಹಿಡೀಲಿಲ್ಲ ನೋಡಿ" ಎಂದ ಎಲ್ಲರೆದುರು.

ಬಂತಲ್ಲ ಕೊನೆಗೂ, ಎಂದುಕೊಂಡಳು ತಿಮ್ಮಮ್ಮ. "ದಿನಾ ಮುಕ್ಕಳಿಸಿದ್ರಾ?"

"ಮೂರು ಹೊತ್ತೂ."

"ಮಲಗುವಾಗ ಸೆಟ್ ತೆಗ್ದು ಉಜ್ಜಿ, ಆ ನೀರಲ್ಲಿ ಹಾಕಿಡಿ ಅಂದಿದ್ನಲ್ಲ, ಹಾಕಿಟ್ರಾ?"

ಮಂಜಯ್ಯನ ದನಿ ಇಳಿಯಿತು. "ಅದೊಂದು ಆಗ್ಲಿಲ್ಲ."

"ಯಾಕೆ?"

"ಮನೇಲಿ ಹೆಂಡ್ತಿ, ಸೊಸೆ ಎಲ್ಲ ಇರ್ತಾರಲ್ಲ. ಬೊಚ್ಚು ಬಾಯಿ ತೋರ್ಸೋಕೆ ಒಂಥರಾ ಆಗ್ತದೆ. ತೆಗಿಯದೇ ಇಲ್ಲ ನಾನು."

ಜಗಲಿಯಲ್ಲಿದ್ದವರು ನಕ್ಕರು. ತಿಮ್ಮಮ್ಮನಿಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಉಕ್ಕಿಬಂತು. "ಎಂತ ಜನ ಮಾರಾಯ್ರೆ ನೀವು! ಬೂಷ್ಟು ಕೂತಿರೋದು ಪ್ಲೇಟಿನ ಅಡಿಗೆ. ಅದರ ಮೇಲೆ ಗಟ್ಟಿ ಮುಚ್ಚಳ ಹಾಕ್ಕೊಂಡು ಕೊಡಗಟ್ಲೆ ಮುಕ್ಕಳಿಸಿದ್ರೂ ನೀರು ಅಲ್ಲಿಗೆ ಹೋಗೋದು ಹೇಗೆ? ತೆಗೀದೇ ಇದ್ರೆ ಯಾವ ಮದ್ದು ಹಿಡೀತದೆ? ನಾಚಿಕೆ ದೊಡ್ಡದಾ, ಬಾಯಿ ದೊಡ್ಡದಾ ನಿಮಗೆ?"

ಹೇಳಿ ಮುಗಿಸಿದವಳು ಹಾಗೇ ನಿಂತುಬಿಟ್ಟಳು. ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ಉಳಿಯಿತು. ಹಿತ್ತಲಲ್ಲಿ ಹತ್ತು ದಿನ ಸೆಟ್ ಬಾಯಲ್ಲಿಟ್ಟುಕೊಂಡೇ ಮುಕ್ಕಳಿಸಿ ಮುಕ್ಕಳಿಸಿ ಉಗುಳಿದವಳು ಯಾರು? ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದ್ದನ್ನು ತನಗೆ ತಾನು ಒಂದು ದಿನವೂ ಹೇಳಿಕೊಳ್ಳದ ದಡ್ಡಿ ಯಾರು? ಕೈಗುಣ ಎಲ್ಲಿಗೂ ಹೋಗಿರಲಿಲ್ಲ. ಮದ್ದು ಮದ್ದಾಗಿಯೇ ಇತ್ತು.

ಒಂದು ಕ್ಷಣ ಎಷ್ಟು ಹಗುರಾಯಿತೆಂದರೆ ಅವಳು ನಕ್ಕೇಬಿಡುತ್ತಿದ್ದಳು. ಮರುಕ್ಷಣ ಮೊದಲಿಗಿಂತ ಬಿಗಿಯಾಯಿತು. ತೆಗೆಯಲೇಬೇಕು, ತೆಗೆದಿಡಲು ಈ ಮನೆಯಲ್ಲಿ ಒಬ್ಬಳೇ ಇರುವಂಥ ಒಂದು ಜಾಗವಿಲ್ಲ. ಇಂದು ತೆಗೆಯದಿದ್ದರೆ ನಾಳೆ ಡಾಕ್ಟರು ತೆಗೆಸುತ್ತಾರೆ. ಬೊಚ್ಚು ಬಾಯಿಯ ಸುದ್ದಿ ಊರಿಗೆ ಹರಡಿದ ಮೇಲೆ ಜಗಲಿಗೆ ಯಾರೂ ಬರುವುದಿಲ್ಲ, ಮದ್ದು ತನ್ನ ಜೊತೆಗೇ ಮಣ್ಣಾಗುತ್ತದೆ. ಎತ್ತ ತಿರುಗಿದರೂ ಅದು ತನ್ನ ಕೈ ಬಿಟ್ಟು ಹೋಗುವುದೇ. ಹೋಗುವುದೇ ಆದರೆ ಯಾರ ಕೈಗೆ ಎಂಬುದೊಂದೇ ಇನ್ನು ಅವಳಿಗೆ ಉಳಿದದ್ದು.

"ಒಂದ್ಗಳಿಗೆ ಕೂತಿರಿ" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅಡುಗೆಮನೆಯಲ್ಲಿ ದೀಪಶ್ರೀ ಅತ್ತೆಗೆಂದೇ ಗಂಜಿ ಕಿವುಚುತ್ತಿದ್ದಳು. ತಿಮ್ಮಮ್ಮ ಪಾತ್ರೆ ಕೆಳಗಿಟ್ಟು, ಬಾಗಿಲು ಹಾಕಿ, ಸೊಸೆಯ ಎದುರು ನಿಂತಳು. ಎರಡೂ ಕೈ ಬಾಯಿಗೆ ಒಯ್ದು ಮೇಲಿನದನ್ನು ತೆಗೆದಳು, ಕೆಳಗಿನದನ್ನೂ ತೆಗೆದಳು, ಅಂಗೈ ಮೇಲಿಟ್ಟುಕೊಂಡು ಸೊಸೆಯ ಮುಂದೆ ಚಾಚಿದಳು. ಕೆನ್ನೆ ಒಳಕ್ಕೆ ಹೋದವು. ಒಮ್ಮೆಗೇ ಹತ್ತು ವರ್ಷ ಹೆಚ್ಚು ಮುದುಕಿಯಾದ ಹಾಗೆ ಅವಳಿಗೇ ಅನ್ನಿಸಿತು.

ದೀಪಶ್ರೀ ನಗಲಿಲ್ಲ. ಹಲ್ಲನ್ನು ನೋಡಿದಳು, ಅತ್ತೆಯ ಗಲ್ಲ ಹಿಡಿದು ಬಾಯೊಳಗೆ ನೋಡಿದಳು. "ಅಯ್ಯೋ, ಹೀಗೆ ಸುಟ್ಟೋಗಿದೆಯಲ್ಲ" ಎಂದವಳ ದನಿ ಸಿಟ್ಟಿಗೇರಿತು. "ಒಂದ್ಮಾತು ಹೇಳ್ಬಾರ್ದಿತ್ತಾ ಅತ್ತೆ? ಇಷ್ಟು ದಿನದಿಂದ ನಿಮ್ಮ ಪಕ್ಕದಲ್ಲೇ ಮಲಗ್ತಾ ಇದೀನಲ್ಲ!"

"ನೀನು ಪಕ್ಕದಲ್ಲೇ ಇದ್ದೆ ನೋಡು, ಅದಕ್ಕೇ ಹೇಳಕ್ಕಾಗ್ಲಿಲ್ಲ" ಎಂದಳು ತಿಮ್ಮಮ್ಮ. ಅದು ನಿಜವೇ ಆಗಿತ್ತು.

ಆಮೇಲೆ ಮೂರು ಕಟ್ಟುಗಳನ್ನೂ ಒಂದೊಂದಾಗಿ ಹೇಳಿದಳು. ಸೊಸೆಯ ತಲೆ ಬಗ್ಗಿಸಿ ಕಿವಿಯಲ್ಲಿ ಸೊಪ್ಪಿನ ಹೆಸರು ಹೇಳಿದಳು. ಹೇಳಿದ ಮೇಲೆ ಏನೂ ಆಗಲಿಲ್ಲ, ಗಂಜಿ ಆರುತ್ತಲೇ ಇತ್ತು.

"ಅದಾ?" ದೀಪಶ್ರೀ ಕಣ್ಣರಳಿಸಿದಳು. "ಕೆಳಗಿನ ಬೇಲಿ ಹತ್ರ ಇರೋದಾ? ನಾಗನ ಜಾಗದಲ್ಲಿ?"

"ಅಲ್ಲಿ ನಾಗನೂ ಇಲ್ಲ, ಎಂತದೂ ಇಲ್ಲ. ನಿನ್ನ ಗಂಡನ ಮೆಷಿನ್ನಿಂದ ಉಳ್ಸೋಕೆ ಹೇಳಿದ್ದು."

"ಆರು ವರ್ಷ ಹಾಲೆರೆದೆನಲ್ಲ ಅತ್ತೆ ನಾನು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಯಾರೋ, ನಗು ಎಲ್ಲಿ ಅಳುವಾಯಿತೋ, ಇಬ್ಬರಿಗೂ ತಿಳಿಯಲಿಲ್ಲ. ದೀಪಶ್ರೀ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸ್ಟೀಲ್ ಬಟ್ಟಲೊಂದನ್ನು ತೊಳೆದು ಸೊಪ್ಪಿನ ನೀರು ಹೊಯ್ದು ಅದರಲ್ಲಿ ಸೆಟ್ ಹಾಕಿ ಕಿಟಕಿಯ ದಂಡೆ ಮೇಲಿಟ್ಟಳು. ಇನ್ನೊಂದು ಲೋಟದಲ್ಲಿ ತುಂಬಿ ಅತ್ತೆಯ ಕೈಗೆ ಕೊಟ್ಟಳು. ತಿಮ್ಮಮ್ಮ ಬರಿಯ ಬಾಯಲ್ಲಿ ಅದನ್ನು ತುಂಬಿಕೊಂಡಳು. ಉರಿಯಿತು, ಒಗರು, ಕಹಿ. ಊರಿಗೆಲ್ಲ ಕೊಟ್ಟ ಮದ್ದಿನ ರುಚಿ, ಅದೂ ಉರಿಯುವ ಜಾಗಕ್ಕೇ ಮುಟ್ಟಿದಾಗಿನದು, ಅವಳಿಗೆ ತಿಳಿದದ್ದು ಅಂದೇ ಮೊದಲು.

"ಹೊರಗೆ ಜನ ಕಾಯ್ತಿದಾರೆ ಅತ್ತೆ, ನೀವು ಬನ್ನಿ."

"ನೀನೇ ಹೋಗು. ನಾನಿನ್ನು ಮುಟ್ಟೋ ಹಾಗಿಲ್ಲ."

ದೀಪಶ್ರೀ ಹೋದಳು. ತಿಮ್ಮಮ್ಮ ಒಳಗೇ ಕೂತು ಕೇಳಿಸಿಕೊಂಡಳು. ಮಂಜಯ್ಯ ಏನೋ ಕೇಳಿದ, ದೀಪಶ್ರೀ ಏನೋ ಹೇಳಿದಳು, ಬಾಟಲಿಗೆ ನೀರು ಬಿದ್ದ ಸದ್ದಾಯಿತು.

ಸೋಮವಾರ ಮೂಡಿಗೆರೆಗೂ ಹೋಗಿಬಂದರು. ಜೀಪಿನಲ್ಲಿ ತಿಮ್ಮಮ್ಮ ತಾನೇ ಮಗನಿಗೆ ಹೇಳಿದಳು. ಅವನು ಗಾಡಿ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು, "ಬರೀ ಹಲ್ಲಾ ಅಮ್ಮ?" ಎಂದ. ಅರ್ಚನಾ ಡಾಕ್ಟರು ಪರೀಕ್ಷೆ ಮಾಡಿ, ಭಯಪಡುವಂಥದು ಏನಿಲ್ಲ, ಸೆಟ್ ಅಡಿಗೆ ಫಂಗಸ್ ಹಿಡಿದಿದೆ, ಸೆಟ್ಟೂ ಸಡಿಲವಾಗಿದೆ, ಬಾಯಿ ವಾಸಿಯಾಗುವವರೆಗೆ ಹಾಕಲೇಬೇಡಿ ಎಂದರು. ಒಂದು ಮುಲಾಮೂ ಬರೆದುಕೊಟ್ಟರು. ಅದು ಕವರಿನಲ್ಲೇ ಉಳಿಯಿತು. ಮಂಗಳವಾರದ ಹೊತ್ತಿಗೆ ತಿಮ್ಮಮ್ಮ ಅಂದುಕೊಂಡಂತೆಯೇ ಸುದ್ದಿ ಊರು ತುಂಬ ಓಡಾಡಿತ್ತು. ಆ ಮಂಗಳವಾರ ಜಗಲಿಗೆ ಯಾರೂ ಬರಲಿಲ್ಲ. ಮುಂದಿನ ಭಾನುವಾರವೂ, ಅದರ ಮರು ಮಂಗಳವಾರವೂ ಬರಲಿಲ್ಲ. ದೀಪಶ್ರೀ ಕುದಿಸಿಟ್ಟ ನೀರನ್ನು ಹಿತ್ತಲಿಗೆ ಚೆಲ್ಲುವುದನ್ನು ತಿಮ್ಮಮ್ಮ ಮೂರು ಸಲ ನೋಡಿದಳು. ತನ್ನ ಮರ್ಯಾದೆ ಹೋಯಿತೆಂದಲ್ಲ, ಈ ಹುಡುಗಿಗೆ ಖಾಲಿ ಪಾತ್ರೆ ಕೊಟ್ಟೆನಲ್ಲ ಎಂದು ಅವಳಿಗೆ ಸಂಕಟವಾಯಿತು.

ಅದರ ಮುಂದಿನ ಭಾನುವಾರ ಮಂಜಯ್ಯ ಬಂದ. ಅವನ ಹಿಂದೆ ಮಲ್ಲಂದೂರಿನ ಹೆಂಗಸೊಬ್ಬಳು ಅಜ್ಜಿಯನ್ನು ಕರೆದುಕೊಂಡು ಬಂದಿದ್ದಳು, ಅಜ್ಜಿಗೂ ಸೆಟ್ಟಿನ ಉರಿಯೇ. ತಿಮ್ಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಮಂಜಯ್ಯ ಹಳೆಯ ಅಭ್ಯಾಸದಲ್ಲಿ ಬಾಟಲಿಯನ್ನು ಅವಳತ್ತ ಚಾಚಿದ. ಅವಳ ಬಲಗೈ ತಾನಾಗಿ ಎದ್ದಿತು. ಅಷ್ಟರಲ್ಲಿ ದೀಪಶ್ರೀ ಬಾಟಲಿ ತೆಗೆದುಕೊಂಡಳು, ಕೈ ಗಾಳಿಯಲ್ಲೇ ಉಳಿಯಿತು.

ಮಲ್ಲಂದೂರಿನ ಹೆಂಗಸು ಅನುಮಾನದಿಂದ ನೋಡಿದಳು. "ತಿಮ್ಮಮ್ಮನವ್ರು ಕೊಡ್ತಾರೆ ಅಂದಿದ್ರು. ಇವ್ರು ಕೊಟ್ರೆ ಹಿಡೀತದಾ?"

ದೀಪಶ್ರೀ ಸೌಟು ಹಿಡಿದು ಅತ್ತೆಯ ಕಡೆ ತಿರುಗಿದಳು. ಜಗಲಿಯಲ್ಲಿದ್ದ ಎಲ್ಲರೂ ತಿರುಗಿದರು. ಆರು ವರ್ಷ ಮುಚ್ಚಿಟ್ಟುಕೊಂಡದ್ದನ್ನು ಊರು ಮಾತಾಡಿಕೊಂಡಿತ್ತು, ಕಣ್ಣಾರೆ ಇನ್ನೂ ಯಾರೂ ನೋಡಿರಲಿಲ್ಲ. ತಿಮ್ಮಮ್ಮ ಸೆರಗನ್ನು ಇಳಿಸಿದಳು. ಆ ಹೆಂಗಸನ್ನೂ ಅಜ್ಜಿಯನ್ನೂ ಹತ್ತಿರ ಕರೆದು, ಮುಖವನ್ನು ಬೆಳಕಿಗೆ ಎತ್ತಿ, ಒಂದು ಹಲ್ಲೂ ಇಲ್ಲದ ಬಾಯನ್ನು ಅಗಲವಾಗಿ ತೆರೆದಳು. ಅಂಗುಳ ಕೂಸಿನ ಬಾಯಂತೆ ತಿಳಿಗೆಂಪಾಗಿತ್ತು, ಒಂದು ಕಲೆಯೂ ಇರಲಿಲ್ಲ. ಅಜ್ಜಿ ಬಗ್ಗಿ ನೋಡಿದಳು, ಮಂಜಯ್ಯನೂ ಕತ್ತು ಉದ್ದ ಮಾಡಿ ನೋಡಿದ.

"ಹದಿನೈದು ದಿನದ ಹಿಂದೆ ಕೆಂಡದ ಹಾಗಿತ್ತು. ಇವಳ ಕೈಯಲ್ಲಿ ವಾಸಿಯಾಯ್ತು" ಎಂದಳು ತಿಮ್ಮಮ್ಮ. "ನಂಗೂ ಇವಳೇ ಕೊಡೋದು."

ಹೆಂಗಸು ವೀಳ್ಯದೆಲೆ, ಅಡಿಕೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ದೀಪಶ್ರೀಯ ಮುಂದೆ ಇಟ್ಟಳು. ದೀಪಶ್ರೀ ಬಾಟಲಿಗೆ ನೀರು ಹೊಯ್ಯುತ್ತ, ಮಲಗುವಾಗ ಸೆಟ್ ತೆಗೆದು ಉಜ್ಜಿ ಇದರಲ್ಲಿ ಹಾಕಿಡಬೇಕು, ನಾಚಿಕೊಳ್ಳಬಾರದು ಎಂದು ಅಜ್ಜಿಗೆ ಬಿಡಿಸಿ ಹೇಳತೊಡಗಿದಳು. ಎಲ್ಲರೂ ಅವಳ ಸುತ್ತ ಸೇರಿದರು. ತಿಮ್ಮಮ್ಮ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿಟ್ಟುಕೊಂಡು ಕೂತಳು.